ಗೊಣಗಿದ್ದು ಸಾಕು, ಸಂಪಾದಕರಿಗೆ ಬರೆಯಿರಿ

ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು, ವಂದನಾರ್ಪಣೆಯೂ ಆಗಿ, ಉಪ್ಪಿಟ್ಟು-ಶಿರಾದ ತಟ್ಟೆ ಕೈಗೆ ಬಂದ ಮೇಲೆ ನಮ್ಮ ನಿಜವಾದ ಸಭೆ ಆರಂಭವಾಗುತ್ತದೆ. ವೇದಿಕೆಯ ಮೇಲೆ ಯಾರೂ ಆಡದ ಮಾತು ಅಲ್ಲಿ ಹೊರಬೀಳುತ್ತದೆ. ದೀಪಾವಳಿಗೆ ಹುಬ್ಬಳ್ಳಿಯ ಕಡೆ ಹೋಗುವ ಗಾಡಿಯಲ್ಲಿ ಜಾಗ ಸಿಗುವುದಿಲ್ಲ ಎಂದು ಒಬ್ಬರು. ಮಕ್ಕಳಿಗೆ ಕನ್ನಡ ಓದಲು ಬರೆಯಲು ಕಲಿಸಬೇಕೆಂದರೆ ಮನೆಯ ಹತ್ತಿರ ಅನುಕೂಲವಿಲ್ಲ ಎಂದು ಇನ್ನೊಬ್ಬರು. ವಾಚನಾಲಯದಲ್ಲಿ ಒಂದು ಕನ್ನಡ ಪತ್ರಿಕೆಯೂ ಇಲ್ಲ ಎಂದು ಮತ್ತೊಬ್ಬರು. ಗಡಿಯ ಗಲಾಟೆ ಎದ್ದಾಗಲೆಲ್ಲ ನಮ್ಮ ಊರಿನ ಬಸ್ಸಿಗೆ ಮಸಿ ಬಳಿಯುತ್ತಾರೆ ಎಂದು ಎಲ್ಲರೂ. ತಟ್ಟೆ ಖಾಲಿಯಾಗುವ ಹೊತ್ತಿಗೆ ಯಾರಾದರೊಬ್ಬ ಹಿರಿಯರು ತೀರ್ಪು ಕೊಡುತ್ತಾರೆ: “ಯಾರರೆ ಪೇಪರಿಗೆ ಬರೀಬೇಕ್ರೀ ಇದನ್ನ!” ಹೌದು ಹೌದು ಎಂದು ಹತ್ತು ತಲೆಗಳು ತೂಗುತ್ತವೆ. ಕೈತೊಳೆದು ಎಲ್ಲರೂ ಮನೆಗೆ ಹೋಗುತ್ತೇವೆ.

ಈ “ಯಾರಾದರೂ” ಎಂಬ ಮಹಾಶಯ ಯಾರು? 1978ರಲ್ಲಿ ಧಾರವಾಡ ಬಿಟ್ಟು ಪಿಂಪರಿಯ ಒಂದು ಕಾರ್ಖಾನೆಗೆ ಬಂದಂದಿನಿಂದ ನಾನು ಈತನನ್ನು ಹುಡುಕುತ್ತಿದ್ದೇನೆ. ಸಂಘದ ಸದಸ್ಯರ ಪಟ್ಟಿಯಲ್ಲಿ ಇವನ ಹೆಸರಿಲ್ಲ. ಇವನು ವಂತಿಗೆ ಕೊಟ್ಟ ದಾಖಲೆಯೂ ಇಲ್ಲ. ಆದರೆ ಪುಣೆಯ ಕನ್ನಡಿಗರ ಸಮಸ್ತ ಕೆಲಸವನ್ನೂ ನಾವು ಇವನ ತಲೆಯ ಮೇಲೆಯೇ ಹೊರಿಸಿದ್ದೇವೆ.

ಓದುಗ ಬಾಂಧವರು ಕ್ಷಮಿಸಬೇಕು, ಈ ಸಲ ಮಾತು ಸ್ವಲ್ಪ ಖಾರವಾಗಿಯೇ ಇರುತ್ತದೆ. ನನ್ನ ತಕರಾರು ಎರಡು. ಮೊದಲನೆಯದು, ನಾವು ಬರೆಯುವುದಿಲ್ಲ. ಎರಡನೆಯದು, ಅಪರೂಪಕ್ಕೆ ಬರೆದರೂ ಕೆಲಸವಾಗದಂತೆ ಬರೆಯುತ್ತೇವೆ: ತಪ್ಪು ಊರಿಗೆ, ತಪ್ಪು ಭಾಷೆಯಲ್ಲಿ, ಮೂರು ಪಟ್ಟು ಉದ್ದವಾಗಿ. ಈ ಎರಡೂ ತಪ್ಪುಗಳನ್ನು ಸ್ವತಃ ಮಾಡಿದವನಾದ್ದರಿಂದ ಹೇಳುವ ಅಧಿಕಾರ ನನಗಿದೆ ಎಂದು ಭಾವಿಸುತ್ತೇನೆ.

ಮೊದಲು ನಾವಿರುವ ಊರು ಎಂಥದೆಂದು ನೋಡೋಣ. 1849ರಲ್ಲಿಯೇ ‘ಜ್ಞಾನಪ್ರಕಾಶ’ ಹೊರಟ ಊರಿದು. 1881ರಲ್ಲಿ ‘ಕೇಸರಿ’ ಮತ್ತು ‘ಮರಾಠಾ’ ಇಲ್ಲಿ ಹುಟ್ಟಿದವು. 1932ರಲ್ಲಿ ನಾನಾಸಾಹೇಬ ಪರುಳೇಕರರು ‘ಸಕಾಳ’ವನ್ನು ಇಲ್ಲಿಂದಲೇ ಆರಂಭಿಸಿದರು. ಈ ಊರಿನ ನಿವೃತ್ತ ಗೃಹಸ್ಥ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಓದುಗರ ಪತ್ರಗಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ನಿನ್ನೆ ತಾನು ಬರೆದದ್ದು ಬಂದಿದೆಯೇ ಎಂದು ನೋಡುತ್ತಾನೆ, ಬಂದಿರದಿದ್ದರೆ ಇನ್ನೊಂದು ಬರೆಯುತ್ತಾನೆ. ನಲ್ಲಿಯಲ್ಲಿ ನೀರು ಬರಲಿಲ್ಲವೇ, ಪತ್ರ. ಪಿ.ಎಂ.ಪಿ. ಬಸ್ಸು ನಿಲ್ದಾಣ ದಾಟಿ ನಿಂತಿತೇ, ಪತ್ರ. ನಾವು ಇದನ್ನು ನೋಡಿ ನಗುತ್ತೇವೆ. ಆದರೆ ನೀರು ಬರುವುದು ಅವನ ಗಲ್ಲಿಗೆ, ನಮ್ಮ ಗಲ್ಲಿಗಲ್ಲ.

ಇದೇ ಊರಿನ ಇನ್ನೊಂದು ವಿದ್ಯೆ ಪುಣೇರಿ ಪಾಟಿ. ಸದಾಶಿವ ಪೇಠದ ಗೇಟುಗಳ ಮೇಲೆ, ಅಂಗಡಿಗಳ ಗೋಡೆಗಳ ಮೇಲೆ ನೀವೆಲ್ಲ ಓದಿದ್ದೀರಿ. ಗಂಟೆ ಒಮ್ಮೆ ಒತ್ತಿ ಕಾಯಬೇಕು, ಒಳಗಿನವರಿಗೆ ಕಿವಿ ಕೇಳುತ್ತದೆ ಎಂಬ ಧಾಟಿಯ ಹಲಗೆಗಳು. ಎರಡೇ ಸಾಲು. ಯಾರಿಗೆ ಹೇಳುತ್ತಿದ್ದೇವೆ, ಅವರು ಏನು ಮಾಡಬೇಕು, ಏನು ಮಾಡಬಾರದು, ಎಲ್ಲವೂ ಅದರಲ್ಲಿರುತ್ತದೆ. ಮನೆಯ ಯಜಮಾನನ ವಂಶದ ಇತಿಹಾಸ ಮಾತ್ರ ಇರುವುದಿಲ್ಲ. ಒಳ್ಳೆಯ ಪತ್ರ ಹೇಗಿರಬೇಕೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ನಾವು ಅದರ ಮುಂದೆಯೇ ದಿನವೂ ಓಡಾಡುತ್ತ ಏನನ್ನೂ ಕಲಿಯಲಿಲ್ಲ.

ನನ್ನ ಮೊದಲ ಪತ್ರದ ಕಥೆ ಹೇಳುತ್ತೇನೆ. 1980ರ ದಶಕದ ಕೊನೆ. ನಮ್ಮ ಬಡಾವಣೆಯ ವಾಚನಾಲಯವೊಂದರಲ್ಲಿ ಬರುತ್ತಿದ್ದ ಒಂದೇ ಒಂದು ಕನ್ನಡ ದಿನಪತ್ರಿಕೆ ಇದ್ದಕ್ಕಿದ್ದಂತೆ ನಿಂತಿತು. ಓದುವವರಿಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ರಾತ್ರಿ ಕುಳಿತು ಆರು ಪುಟ ಬರೆದೆ. ಕಪ್ಪೆ ಅರಭಟ್ಟನಿಂದ ಆರಂಭ. ಮುಂದೆ ಪುಲಿಕೇಶಿ, ನೃಪತುಂಗ, ಪಂಪ, ವಿಜಯನಗರ. ಐದನೆಯ ಪುಟದ ಕೊನೆಗೆ ವಾಚನಾಲಯ ಬಂತು. ಆರನೆಯ ಪುಟದಲ್ಲಿ ‘ಇದು ಕನ್ನಡದ ಕಗ್ಗೊಲೆಯಲ್ಲವೇ?’ ಎಂದು ಕೇಳಿ, ಕೆಳಗೆ ‘ನೊಂದ ಕನ್ನಡಿಗ’ ಎಂದು ಸಹಿ ಮಾಡಿ, ಬೆಂಗಳೂರಿನ ಒಂದು ಪತ್ರಿಕೆಗೆ ಟಪಾಲಿನಲ್ಲಿ ಹಾಕಿದೆ. ಅದು ಅಚ್ಚಾಗಲಿಲ್ಲ. ಈಗ ಯೋಚಿಸಿದರೆ, ಅಚ್ಚಾಗಿದ್ದರೂ ಏನಾಗುತ್ತಿತ್ತು? ಬೆಂಗಳೂರಿನ ಓದುಗನೊಬ್ಬ ಕಾಫಿ ಕುಡಿಯುತ್ತ ‘ಛೇ ಛೇ’ ಎನ್ನುತ್ತಿದ್ದ. ಪುಣೆಯ ವಾಚನಾಲಯದ ಕಾರ್ಯದರ್ಶಿಗೆ ಆ ‘ಛೇ ಛೇ’ ಕೇಳಿಸುತ್ತಿತ್ತೇ?

ನಮ್ಮ ಕೆಳಮನೆಯಲ್ಲಿ ನಿವೃತ್ತ ಮರಾಠಿ ಶಿಕ್ಷಕರೊಬ್ಬರಿದ್ದರು. ಅವರಿಗೆ ನನ್ನ ಗೋಳು ಹೇಳಿಕೊಂಡೆ. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಓದುವವರು ಎಷ್ಟು ಜನ?” ಗೊತ್ತಿಲ್ಲ ಎಂದೆ. “ಹಾಗಾದರೆ ಅವರು ಹೇಳುವುದು ಸುಳ್ಳೆಂದು ನಿಮಗೆ ಹೇಗೆ ಗೊತ್ತು? ಹೋಗಿ ಎಣಿಸಿಕೊಂಡು ಬನ್ನಿ” ಎಂದರು. ಒಂದು ವಾರ ವಾಚನಾಲಯದಲ್ಲಿ ಕುಳಿತು ಎಣಿಸಿದೆ. ಆಮೇಲೆ ಅವರೇ ಎದುರಿಗೆ ಕೂತು ನನ್ನಿಂದ ಮರಾಠಿಯಲ್ಲಿ ಬರೆಸಿದರು. ಅದರ ಸಾರಾಂಶ ಇಷ್ಟು:

“ನಮ್ಮ ವಾಚನಾಲಯಕ್ಕೆ ಬರುತ್ತಿದ್ದ ಒಂದೇ ಕನ್ನಡ ದಿನಪತ್ರಿಕೆ ಕಳೆದ ತಿಂಗಳ 1ರಿಂದ ನಿಂತಿದೆ. ಓದುವವರಿಲ್ಲ ಎಂಬುದು ಅಲ್ಲಿ ಹೇಳಿದ ಕಾರಣ. ಕಳೆದ ವಾರ ಆರು ದಿನ ಬೆಳಿಗ್ಗೆ 8ರಿಂದ 10ರವರೆಗೆ ನಾನು ಅಲ್ಲಿ ಕುಳಿತು ಎಣಿಸಿದೆ. ಕನ್ನಡ ಪತ್ರಿಕೆ ಕೇಳಿಕೊಂಡು ಬಂದವರು ಯಾವ ದಿನವೂ 11ಕ್ಕೆ ಕಡಿಮೆ ಇಲ್ಲ, ಶನಿವಾರ 17. ಹೆಚ್ಚಿನವರು ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಮಿಕರು. ವರ್ಷದ ಚಂದಾದಲ್ಲಿ ಅರ್ಧ ನಾವು ಓದುಗರೇ ಕೊಡುತ್ತೇವೆ. ಬರುವ ತಿಂಗಳ 1ರಿಂದ ಪತ್ರಿಕೆಯನ್ನು ಮತ್ತೆ ತರಿಸಬೇಕೆಂದು ಕಾರ್ಯದರ್ಶಿಗಳಿಗೆ ವಿನಂತಿ.”

ಕೆಳಗೆ ನನ್ನ ಪೂರ್ಣ ಹೆಸರು, ಮನೆಯ ವಿಳಾಸ. ಪುಣೆಯ ಒಂದು ಮರಾಠಿ ದೈನಿಕದಲ್ಲಿ ನಾಲ್ಕನೆಯ ದಿನ ಅಚ್ಚಾಯಿತು. ಅದನ್ನು ಬೆಂಬಲಿಸಿ ಮುಂದಿನ ವಾರ ಮೂರು ಪತ್ರಗಳು ಬಂದವು. ಆ ಮೂರರಲ್ಲಿ ಎರಡು ಬರೆದವರು ಮರಾಠಿಗರು! ಮುಂದಿನ ತಿಂಗಳು ಪತ್ರಿಕೆ ಮೇಜಿನ ಮೇಲಿತ್ತು. ಅರ್ಧ ಚಂದಾ ಕೊಡಲು ಹೋದರೆ ಕಾರ್ಯದರ್ಶಿಗಳು ಬೇಡವೆಂದರು. ಆರು ಪುಟದ ಪುಲಿಕೇಶಿಗೆ ಆಗದ ಕೆಲಸ ಎಂಟು ಸಾಲಿನ ಲೆಕ್ಕಕ್ಕೆ ಆಯಿತು.

ಪತ್ರದಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಅವರಿಗೆ ಎರಡು ಪ್ರಸಂಗ ನೆನಪಿಸುತ್ತೇನೆ. 1885ರಲ್ಲಿ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ‘ಒಬ್ಬ ಹಿಂದೂ ಮಹಿಳೆ’ ಎಂಬ ಹೆಸರಿನಲ್ಲಿ ಎರಡು ಪತ್ರಗಳು ಬಂದವು. ಒಂದು ಬಾಲ್ಯವಿವಾಹದ ಬಗ್ಗೆ, ಇನ್ನೊಂದು ವಿಧವೆಯರ ಮೇಲೆ ಹೇರಿದ ಬಾಳಿನ ಬಗ್ಗೆ. ಬರೆದವರು ರಖಮಾಬಾಯಿ. ಹನ್ನೊಂದನೆಯ ವಯಸ್ಸಿಗೆ ಮದುವೆ ಮಾಡಿದ್ದ ಗಂಡನ ಮನೆಗೆ ಹೋಗಲೊಲ್ಲೆ ಎಂದು ನ್ಯಾಯಾಲಯದ ಮುಂದೆ ನಿಂತಿದ್ದ ಹೆಣ್ಣುಮಗಳು. ಆ ಪತ್ರಗಳೂ ಆ ಮೊಕದ್ದಮೆಯೂ ಎಬ್ಬಿಸಿದ ವಾದ ವಿಲಾಯತಿಯವರೆಗೂ ಮುಟ್ಟಿತು. 1891ರಲ್ಲಿ ಸಮ್ಮತಿ ವಯಸ್ಸಿನ ಕಾಯಿದೆ ಬರುವುದಕ್ಕೆ ಹಾದಿ ಮಾಡಿಕೊಟ್ಟ ಸಂಗತಿಗಳಲ್ಲಿ ಅದೂ ಒಂದು. ಆಕೆ ಮುಂದೆ ವೈದ್ಯೆಯಾದರು.

ಎರಡನೆಯದು ನಮ್ಮ ಕಾಲದ್ದು. ಇದೇ ಮಹಾರಾಷ್ಟ್ರದ ಚಂದ್ರಪುರದ ಕಡೆಯ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ 1972ರಲ್ಲಿ ಪೋಲೀಸ್ ಠಾಣೆಯೊಳಗೇ ಅತ್ಯಾಚಾರ ನಡೆಯಿತೆಂಬ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು 1978ರಲ್ಲಿ ಆರೋಪಿ ಪೋಲೀಸರನ್ನು ಬಿಡುಗಡೆ ಮಾಡಿತು. ಹುಡುಗಿಯ ಮೈಮೇಲೆ ಪ್ರತಿಭಟಿಸಿದ ಗಾಯದ ಗುರುತಿಲ್ಲ ಎಂಬುದು ತೀರ್ಪಿನ ಒಂದು ಆಧಾರ. 1979ರ ಸಪ್ಟೆಂಬರಿನಲ್ಲಿ ನಾಲ್ವರು ಕಾನೂನು ಅಧ್ಯಾಪಕರು, ದಿಲ್ಲಿಯ ಉಪೇಂದ್ರ ಬಕ್ಷಿ, ರಘುನಾಥ ಕೇಳಕರ, ಲತಿಕಾ ಸರ್ಕಾರ್ ಹಾಗೂ ನಮ್ಮ ಪುಣೆಯ ವಸುಧಾ ಧಾಗಮವಾರ, ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅದರಲ್ಲಿ ಬೈಗುಳವಿರಲಿಲ್ಲ. ಹೆದರಿ ಸುಮ್ಮನಾಗುವುದೂ ಒಪ್ಪಿಗೆ ಕೊಡುವುದೂ ಒಂದೇ ಅಲ್ಲ ಎಂಬುದನ್ನು ತೀರ್ಪನ್ನೇ ಮುಂದಿಟ್ಟುಕೊಂಡು ವಾದಿಸಿದ್ದರು. ಊರೂರಲ್ಲಿ ಮಹಿಳಾ ಸಂಘಟನೆಗಳು ಆ ಪತ್ರವನ್ನು ಹಿಡಿದು ಬೀದಿಗಿಳಿದವು. 1983ರಲ್ಲಿ ಕಾಯಿದೆಯೇ ತಿದ್ದುಪಡಿಯಾಯಿತು.

ನಮ್ಮ ಕೆಲಸಗಳು ಅಷ್ಟು ದೊಡ್ಡವಲ್ಲ, ಒಪ್ಪಿದೆ. ಆದರೆ ಕ್ರಮ ಒಂದೇ. ಆ ನಾಲ್ವರು ತೀರ್ಪನ್ನು ಓದಿ ಬರೆದರು. ನಾವು ಸುದ್ದಿಯ ಶಿರೋನಾಮೆಯನ್ನೂ ಪೂರ್ತಿ ಓದದೆ ಬರೆಯುತ್ತೇವೆ. ರಖಮಾಬಾಯಿ ಹೆಸರು ಮರೆಸಿದ್ದು ನಿಜ. ಮೊಕದ್ದಮೆ ನಡೆದಿತ್ತು, ಸಮಾಜವೇ ತಿರುಗಿಬಿದ್ದಿತ್ತು, ಅವರಿಗೆ ಕಾರಣವಿತ್ತು. ಗಾಡಿಯಲ್ಲಿ ಜಾಗ ಕೇಳುವ ನಮಗೇನು ಕಾರಣ? ‘ನೊಂದ ಕನ್ನಡಿಗ’, ‘ಸತ್ಯಪ್ರಿಯ’, ‘ಒಬ್ಬ ಪ್ರವಾಸಿ’ ಎಂಬ ಬುರುಕೆಗಳನ್ನು ತೆಗೆದಿಡೋಣ. ಹೆಸರು ಹೇಳಲು ಅಂಜುವವನ ಮಾತಿಗೆ ಸಂಪಾದಕ ಏಕೆ ಜಾಗ ಕೊಡಬೇಕು?

ಈಗ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವ ಮಾತು. ಕನ್ನಡದ ಕೆಲಸಕ್ಕಾಗಿ ಪುಣೆಯಲ್ಲಿ ಮರಾಠಿಯಲ್ಲಿ ಬರೆಯಬೇಕು ಎನ್ನುತ್ತೇನೆ. “ಅಂದರೆ ಸ್ವಾಭಿಮಾನ ಬಿಟ್ಟೆವೇನು?” ಎಂದು ಕಳೆದ ಸಭೆಯಲ್ಲಿ ಒಬ್ಬರು ನನ್ನ ಮೇಲೆ ಏರಿಬಂದರು. ಸ್ವಾಮೀ, ಬಾಗಿಲು ತೆರೆಯಬೇಕಾದವನು ಒಳಗಿದ್ದಾನೆ. ಅವನಿಗೆ ತಿಳಿಯುವ ಮಾತಿನಲ್ಲಿ ಕರೆಯುವುದು ಸ್ವಾಭಿಮಾನಕ್ಕೆ ಕುಂದೇ? ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕನ್ನಡದ ವರಕವಿಯಾದರು. ಮರಾಠಿಯಲ್ಲಿಯೂ ಬರೆದರು, ಸೊಲ್ಲಾಪುರದಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. ಅವರ ಕನ್ನಡಕ್ಕೆ ಅದರಿಂದ ಕೊರತೆಯಾಯಿತೇ? ಅದೇ ಫರ್ಗ್ಯುಸನ್ನಿನಲ್ಲಿ ಕಲಿತ ಆಲೂರ ವೆಂಕಟರಾಯರು ಕರ್ನಾಟಕದ ಏಕೀಕರಣಕ್ಕಾಗಿ ಜೀವ ತೇದವರು. ತಿಲಕರ ‘ಗೀತಾರಹಸ್ಯ’ವನ್ನು ಮರಾಠಿಯಿಂದ ಕನ್ನಡಕ್ಕೆ ತಂದವರೂ ಅವರೇ. ನೆರೆಯವರ ಭಾಷೆ ಬಲ್ಲವರೇ ನಮ್ಮ ಭಾಷೆಗೆ ದೊಡ್ಡ ಕೆಲಸ ಮಾಡಿದ್ದಾರೆ.

ಇಷ್ಟರ ಮೇಲೂ ಕನ್ನಡದಲ್ಲೇ ಬರೆಯುವ ಹಟವಿದ್ದರೆ ಅದಕ್ಕೂ ಜಾಗವಿದೆ, ಆದರೆ ಅದು ಬೇರೆ ಬಾಗಿಲು. ಸಂವಿಧಾನದ 350ನೆಯ ವಿಧಿಯ ಪ್ರಕಾರ, ಯಾರೇ ಆಗಲಿ ತನ್ನ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ ಆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಿರುವ ಮಹಾರಾಷ್ಟ್ರದಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎನ್ನುವ ಧೈರ್ಯ ಯಾವ ಅಧಿಕಾರಿಗೂ ಇರಲಾರದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಮಾತ್ರ ಅಲ್ಲಿ ಹೇಳಿಲ್ಲ. 1956ರಲ್ಲಿ ಸೇರಿಸಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. 350-ಬಿ ವಿಧಿ ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ವಿಶೇಷಾಧಿಕಾರಿಯನ್ನೇ ನೇಮಿಸುವಂತೆ ಹೇಳುತ್ತದೆ. ಮಕ್ಕಳ ಕನ್ನಡ ಶಿಕ್ಷಣದ ಬಗ್ಗೆ ಅಳುವ ನಮ್ಮಲ್ಲಿ ಎಷ್ಟು ಜನ ಈ ಮೂರು ವಿಧಿಗಳ ಹೆಸರು ಹೇಳಿ ಒಂದು ಅರ್ಜಿ ಬರೆದಿದ್ದೇವೆ? ಅಧಿಕಾರಿಗೆ ಕನ್ನಡದಲ್ಲಿ ಅರ್ಜಿ, ನೆರೆಹೊರೆಗೆ ಮರಾಠಿಯಲ್ಲಿ ಪತ್ರ, ಎರಡೂ ಒಂದೇ ದಿನ ಹೋಗಲಿ. ಆಗ ನೋಡಿ.

ಬೆಂಗಳೂರಿನ ಪತ್ರಿಕೆಗೆ ಬರೆಯಲೇಬಾರದೆಂದಲ್ಲ. ಕೀಲಿಕೈ ಬೆಂಗಳೂರಿನಲ್ಲಿದ್ದರೆ ಅಲ್ಲಿಗೇ ಬರೆಯಬೇಕು. ಹೊರನಾಡ ಕನ್ನಡಿಗರ ಮಕ್ಕಳಿಗೆ ವೃತ್ತಿಶಿಕ್ಷಣದ ಪ್ರವೇಶದಲ್ಲಿರುವ ಅರ್ಹತೆಯ ನಿಯಮಗಳನ್ನು ಮಾಡುವವರು ಅಲ್ಲಿದ್ದಾರೆ. ಆ ಬಗ್ಗೆ ಪುಣೆಯ ಮರಾಠಿ ಪತ್ರಿಕೆಗೆ ಬರೆದರೆ ಅದೂ ಅಷ್ಟೇ ವ್ಯರ್ಥ. ರೈಲಿನ ಮಾತು ಬಂದರೆ ಕೀಲಿಕೈ ಎರಡು ಕಡೆ ಇದೆ. ಪುಣೆಯಿಂದ ಮೀರಜದವರೆಗೆ ಮಧ್ಯ ರೈಲ್ವೆ. ಮೀರಜ ದಾಟಿ ಲೋಂಡಾ, ಹುಬ್ಬಳ್ಳಿಯ ಕಡೆ ನೈಋತ್ಯ ರೈಲ್ವೆ, ಅದರ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿಯೇ ಇದೆ. ಹಬ್ಬದ ವಿಶೇಷ ಗಾಡಿ ಬೇಕೆಂದರೆ ಪತ್ರ ಪುಣೆಯ ಮರಾಠಿ ಪತ್ರಿಕೆಗೂ ಹುಬ್ಬಳ್ಳಿಯ ಕನ್ನಡ ಪತ್ರಿಕೆಗೂ ಹೋಗಬೇಕು. 1971ರಲ್ಲಿ ಪುಣೆ-ಮೀರಜ ಬ್ರಾಡ್‌ಗೇಜ್ ಆದ ಮೇಲೆ, 90ರ ದಶಕದಲ್ಲಿ ಮುಂದಿನ ದಾರಿಯೂ ಆಗುವವರೆಗೆ, ಮೀರಜದ ಪ್ಲಾಟ್‌ಫಾರ್ಮಿನ ಮೇಲೆ ಟ್ರಂಕು ಹೊತ್ತು, ಮಕ್ಕಳ ಕೈಹಿಡಿದು ಗಾಡಿ ಬದಲಿಸಿದ ತಲೆಮಾರು ನಮ್ಮದು. ಆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾವು ಅಲ್ಲಿ ಗೊಣಗಿದ ಮಾತುಗಳನ್ನೆಲ್ಲ ಕಾಗದದ ಮೇಲೆ ಇಳಿಸಿದ್ದರೆ ಒಂದು ವ್ಯಾಗನ್ ತುಂಬುತ್ತಿತ್ತು. ಇಳಿಸಲಿಲ್ಲ.

ಇನ್ನು ನಾನು ನಾಚಿಕೊಳ್ಳಬೇಕಾದ ಸಂಗತಿ. 2022ರ ಡಿಸೆಂಬರಿನಲ್ಲಿ, 2004ರಿಂದ ಸುಪ್ರೀಂ ಕೋರ್ಟಿನ ಮುಂದಿರುವ ಗಡಿ ದಾವೆಯ ಸಂಬಂಧ ಮತ್ತೆ ಗಲಾಟೆ ಎದ್ದಿತು. ಬೆಳಗಾವಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶಗಳಿಗೆ ಲೆಕ್ಕವಿಲ್ಲ. ಒಬ್ಬರು ಬೆಳವಡಿ ಮಲ್ಲಮ್ಮನನ್ನು ನೆನೆದರು, ಇನ್ನೊಬ್ಬರು ಇಮ್ಮಡಿ ಪುಲಿಕೇಶಿಯನ್ನು. ಪತ್ರಿಕೆಗೆ ಬರೆದವರು? ನನಗೆ ತಿಳಿದಂತೆ ಯಾರೂ ಇಲ್ಲ. ನಾನೂ ಬರೆಯಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಎರಡು ಸಾಲು ಬರೆದು ಅಳಿಸಿದೆ. ಬಾಗಿಲಿನ ನಾಮಫಲಕದ ಮೇಲೆ ಹೆಸರು ಕನ್ನಡದಲ್ಲಿಯೂ ಇದೆ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ ಎಂದು ಅಂಜಿದೆ. ನಾಲ್ಕು ದಶಕ ಈ ಊರಿನ ನೀರು ಕುಡಿದು, ಈ ಊರಿನ ಗಣಪತಿಗೆ ಪಟ್ಟಿ ಕೊಟ್ಟು, ನೆರೆಯವನಿಗೆ ನನ್ನ ಮಾತು ಹೇಳಲು ನಾನು ಹೆದರಿದೆ. ಯಾವ ಮಸಿಗಿಂತಲೂ ಅದು ಹೆಚ್ಚು ಕಪ್ಪಾಗಿತ್ತು.

2025ರ ಫೆಬ್ರುವರಿಯಲ್ಲಿ ಅದೇ ಪುನರಾವರ್ತನೆ. ಬೆಳಗಾವಿಯ ಸಮೀಪ ಕರ್ನಾಟಕದ ಬಸ್ಸಿನ ನಿರ್ವಾಹಕರೊಬ್ಬರ ಮೇಲೆ ಹಲ್ಲೆ, ಚಿತ್ರದುರ್ಗದ ಕಡೆ ಮಹಾರಾಷ್ಟ್ರದ ಬಸ್ಸಿನ ಚಾಲಕರ ಮುಖಕ್ಕೆ ಮಸಿ, ಎರಡೂ ಕಡೆಯ ಬಸ್ಸುಗಳ ಓಡಾಟಕ್ಕೆ ತಡೆ. ಈ ಸಲ ಬರೆದೆ. ಮರಾಠಿಯಲ್ಲಿ, ಒಂಬತ್ತು ವಾಕ್ಯ. ಗಡಿ ಯಾರದೆಂದು ಬರೆಯಲಿಲ್ಲ. ಅದನ್ನು ಕೋರ್ಟು ಹೇಳಲಿ. ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಪುಣೆಗೆ ಬಸ್ಸಿನಲ್ಲಿ ಬರುವ ನನ್ನ ನಾದಿನಿಯ ಬಗ್ಗೆ ಬರೆದೆ. ಬಸ್ಸಿಗೆ ಮಾತೃಭಾಷೆಯಿಲ್ಲ, ಒಳಗೆ ಕೂತವರಲ್ಲಿ ಕನ್ನಡಿಗರೂ ಇದ್ದಾರೆ, ಮರಾಠಿಗರೂ ಇದ್ದಾರೆ ಎಂದೆ. ಚಿತ್ರದುರ್ಗದಲ್ಲಿ ಆದದ್ದೂ ತಪ್ಪು, ಇಲ್ಲಿ ಆದದ್ದೂ ತಪ್ಪು ಎಂದೆ. ಕೊನೆಗೆ ಒಂದೇ ಬೇಡಿಕೆ: ಓಡಾಟ ನಿಂತಾಗ ಎರಡೂ ಸಾರಿಗೆ ಸಂಸ್ಥೆಗಳು ಕಾಗಲ-ಕೊಗನೊಳಿ ಗಡಿಯವರೆಗೆ ತಮ್ಮ ತಮ್ಮ ಬಸ್ಸು ಬಿಟ್ಟು, ಅಲ್ಲಿ ಪ್ರಯಾಣಿಕರು ಬದಲಿಸುವ ವೇಳೆಯನ್ನು ಸ್ವಾರಗೇಟಿನಲ್ಲಿ ಬರೆದು ಹಚ್ಚಬೇಕು. ಪತ್ರ ಮೂರನೆಯ ದಿನ ಅಚ್ಚಾಯಿತು.

ನನ್ನ ಪತ್ರದಿಂದ ಬಸ್ಸು ಹೊರಟಿತೆಂದು ಹೇಳುವಷ್ಟು ಮೂರ್ಖ ನಾನಲ್ಲ. ಆದರೆ ಅಂದು ಬೆಳಿಗ್ಗೆ ಹಾಲಿಗೆ ಹೋದಾಗ ಅಂಗಡಿಯ ಹುಡುಗ, “ಕಾಕಾ, ತುಮಚಂ ಪತ್ರ ವಾಚಲಂ. ಬರೋಬರ ಲಿಹಿಲಂತ” ಎಂದ. ಸಂಜೆ ನಮ್ಮ ಸೊಸಾಯಿಟಿಯ ಕಾರ್ಯದರ್ಶಿ ಮನೆಗೇ ಬಂದು ನಾದಿನಿಯ ಆರೋಗ್ಯ ವಿಚಾರಿಸಿದ. ಆತ ಎರಡು ದಿನದ ಹಿಂದೆ ಅದೇ ಗಲಾಟೆಯ ಚಿತ್ರಗಳನ್ನು ಹೆಮ್ಮೆಯಿಂದ ಎಲ್ಲರಿಗೂ ಕಳಿಸಿದ್ದವನು. ಹೋಗುವಾಗ, ಊರಿಗೆ ಹೋಗುವ ಅವಸರ ಬಿದ್ದರೆ ಗಡಿಯವರೆಗೆ ತನ್ನ ಕಾರಿನಲ್ಲಿ ಬಿಡುತ್ತೇನೆ ಎಂದ. 2022ರಲ್ಲಿ ನಾನು ಅಂಜಿದ್ದು ಇವನಿಗೇ.

ಹೀಗಿರಲಾಗಿ, ಬರೆಯುವವರಿಗೆ ಅನುಭವದಿಂದ ಕೆಲವು ಮಾತು. ಸುದ್ದಿ ಬಂದ ದಿನವೇ ಬರೆಯಿರಿ, ಮೂರು ದಿನ ಬಿಟ್ಟರೆ ಅದು ಹಳಸಿದ ಅನ್ನ. ಯಾವ ತಾರೀಖಿನ ಯಾವ ಸುದ್ದಿಯ ಬಗ್ಗೆ ಎಂದು ಮೊದಲ ವಾಕ್ಯದಲ್ಲೇ ಹೇಳಿರಿ. ಒಂದು ಪತ್ರಕ್ಕೆ ಒಂದೇ ವಿಷಯ. ಗಾಡಿಯ ಪತ್ರದಲ್ಲಿ ಶಾಲೆ ಬೇಡ, ಶಾಲೆಯ ಪತ್ರದಲ್ಲಿ ಮಹದಾಯಿ ಬೇಡ. ನೂರೈವತ್ತು ಶಬ್ದ ದಾಟಬೇಡಿ. ದಾಟಿದರೆ ಸಂಪಾದಕರ ಕತ್ತರಿ ನಿಮ್ಮ ಮುಖ್ಯ ಮಾತಿಗೇ ಬಿದ್ದೀತು. ನೀವು ಕಣ್ಣಾರೆ ಕಂಡದ್ದು, ಎಣಿಸಿದ್ದು ಒಂದಾದರೂ ಇರಲಿ. ಏನಾಗಬೇಕು, ಯಾರು ಮಾಡಬೇಕು ಎಂಬುದು ಕೊನೆಯ ವಾಕ್ಯದಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದು ಪತ್ರವಲ್ಲ, ನಿಟ್ಟುಸಿರು. ಈಗ ಎಲ್ಲವೂ ಇ-ಮೇಲಿನಲ್ಲಿಯೇ ಹೋಗುತ್ತದೆ. ಕೈಬರಹದ ಫೋಟೋ ಕಳಿಸದೆ ಅಕ್ಷರಗಳನ್ನೇ ಟೈಪು ಮಾಡಿ, ಕೆಳಗೆ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಕೊಡಿ.

ಮುಖ್ಯವಾದ ಇನ್ನೊಂದು. ಒಬ್ಬರು ಬರೆದ ಪತ್ರವನ್ನು ಐವತ್ತು ಜನ ಹಾಗೆಯೇ ನಕಲು ಮಾಡಿ ಕಳಿಸುವ ‘ಅಭಿಯಾನ’ ದಯವಿಟ್ಟು ಬೇಡ. ಸಂಪಾದಕರಿಗೆ ಐವತ್ತು ಪತ್ರ ಕಾಣುವುದಿಲ್ಲ, ಒಂದೇ ಪತ್ರ ಐವತ್ತು ಸಲ ಕಾಣುತ್ತದೆ. ಐವರು ಬರೆಯಿರಿ, ಐದೂ ಬೇರೆ ಇರಲಿ. ತಾಯಿ ಮಗುವಿನ ಪಾಠದ ಬಗ್ಗೆ ಬರೆಯಲಿ, ವಿದ್ಯಾರ್ಥಿ ತನ್ನ ಪರೀಕ್ಷೆಯ ಬಗ್ಗೆ, ಅಜ್ಜ ತನ್ನ ಮೊಣಕಾಲಿನ ಬಗ್ಗೆ. ಮರಾಠಿ ಬರೆಯಲು ಬಾರದೇ? ನಮ್ಮ ಮಕ್ಕಳಿಗೆ ಬರುತ್ತದೆ, ಶಾಲೆಯಲ್ಲಿ ಕಲಿತಿದ್ದಾರೆ. ಅಜ್ಜ ಕನ್ನಡದಲ್ಲಿ ಹೇಳಲಿ, ಮೊಮ್ಮಗಳು ಮರಾಠಿಯಲ್ಲಿ ಬರೆಯಲಿ. ಆ ನೆವದಿಂದ ಮಗುವಿಗೆ ಅಜ್ಜನ ಕನ್ನಡವೂ ಅಷ್ಟು ಬಂತು. ಅಚ್ಚಾಗದಿದ್ದರೆ ಬೇಸರ ಬೇಡ. ನನ್ನ ಐದರಲ್ಲಿ ನಾಲ್ಕು ಈಗಲೂ ಅಚ್ಚಾಗುವುದಿಲ್ಲ. ಐದನೆಯದನ್ನು ಬರೆಯಲು ಆ ನಾಲ್ಕು ಕಲಿಸಿರುತ್ತವೆ.

ಕಾರ್ಯಕಾರಿ ಮಂಡಳಿಗೂ ಒಂದು ಸಲಹೆ. ವರ್ಷಕ್ಕೊಮ್ಮೆ ಠರಾವು ಮಾಡಿ, ಸರ್ವಾನುಮತದಿಂದ ಒಪ್ಪಿ, ಕಡತದಲ್ಲಿ ಇಡುವುದು ಬೇಡ. ಠರಾವು ಓದುವವರು ಠರಾವು ಮಾಡಿದವರೇ. ಅದರ ಬದಲು ಪ್ರತಿ ತಿಂಗಳ ಕಾರ್ಯಕ್ರಮದ ಮೊದಲು ಅರ್ಧ ತಾಸು, ಮರಾಠಿ ಚೆನ್ನಾಗಿ ಬಲ್ಲ ನಾಲ್ವರು ಒಂದು ಮೇಜು ಹಾಕಿ ಕೂಡಲಿ. ಪತ್ರ ಬರೆದು ತಂದವರಿಗೆ ತಿದ್ದಿಕೊಡಲಿ. ಖರ್ಚಿಲ್ಲದ ಕೆಲಸ, ಅಧ್ಯಕ್ಷರ ಭಾಷಣವೂ ಬೇಕಿಲ್ಲ.

ಮುಂದಿನ ತಿಂಗಳ ಸಭೆಗೆ ನಾನು ಬರುತ್ತೇನೆ. ಉಪ್ಪಿಟ್ಟಿನ ತಟ್ಟೆ ಹಿಡಿದು ಯಾರಾದರೂ ನನ್ನ ಹತ್ತಿರ ದೂರು ಹೇಳಲು ಬಂದರೆ ನಾನು ಕೇಳುವುದು ಒಂದೇ ಪ್ರಶ್ನೆ, ನಮ್ಮ ಕೆಳಮನೆಯ ಗುರು ಕಲಿಸಿದ್ದು: “ಎಣಿಸಿದ್ದೀರಾ?” ಹೌದೆಂದರೆ ಜೇಬಿನಲ್ಲಿ ಕಾಗದ, ಪೆನ್ನು ಇಟ್ಟುಕೊಂಡೇ ಬಂದಿರುತ್ತೇನೆ. ಇಲ್ಲವೆಂದರೆ ಉಪ್ಪಿಟ್ಟು ಆರುವುದರೊಳಗೆ ತಿಂದುಬಿಡೋಣ.